ಸಣ್ಣ ಊರಿನ ಕೃಷಿ ಶಿಕ್ಷಕರ ಜೀವನಚರಿತ್ರೆಯನ್ನು ಬರೆಯುವ ಬಗೆ

ಅಮೆರಿಕದ ಸಣ್ಣ ಊರೊಂದರ ಪ್ರೌಢಶಾಲೆಯಲ್ಲಿ ದಶಕಗಳ ಕಾಲ ಕೃಷಿ ಕಲಿಸಿ, ಅದೇ ಊರಿನ ಪುರಸಭೆಯಲ್ಲೋ ಶಾಲಾ ಮಂಡಳಿಯಲ್ಲೋ ದುಡಿದ ಶಿಕ್ಷಕರೊಬ್ಬರ ಬಗ್ಗೆ ಬರೆಯಲು ಹೊರಟವರಿಗೆ ಮೊದಲು ಸಿಗುವುದು ಪತ್ರಿಕೆಯ ನಿಧನವಾರ್ತೆ. ಅದರಲ್ಲಿ ಅವರು ವಹಿಸಿದ ಹುದ್ದೆಗಳಿರುತ್ತವೆ, ಮಾಡಿದ ಕೆಲಸ ಇರುವುದಿಲ್ಲ. ಆದ್ದರಿಂದ ಅದನ್ನು ಇಸವಿಗಳನ್ನು ಹೊಂದಿಸಿಕೊಳ್ಳುವುದಕ್ಕಷ್ಟೇ ಬಳಸಿ, ಹುಡುಕಾಟವನ್ನು ಅವರ ವಿದ್ಯಾರ್ಥಿಗಳ ಹೊಲಗಳಿಂದ ಆರಂಭಿಸಬೇಕು.

ಹೀಗೆ ಹೇಳುವುದಕ್ಕೆ ಕಾರಣವಿದೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆಯು ಕೃಷಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣವನ್ನು ಒದಗಿಸಿದಾಗ, ವಿದ್ಯಾರ್ಥಿಯು ವರ್ಷದಲ್ಲಿ ಕನಿಷ್ಠ 6 ತಿಂಗಳು ಮೇಲ್ವಿಚಾರಣೆಯಲ್ಲಿ ಕೃಷಿ ಅಭ್ಯಾಸ ಮಾಡಬೇಕೆಂಬ ಷರತ್ತನ್ನೂ ವಿಧಿಸಿತು. ಹುಡುಗನೊಬ್ಬ ಕರುವನ್ನು ಸಾಕುತ್ತಿದ್ದ ಅಥವಾ ಒಂದಿಷ್ಟು ನೆಲದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ; ಮೇವಿಗೆ, ಬೀಜಕ್ಕೆ, ಗೊಬ್ಬರಕ್ಕೆ ಆದ ಖರ್ಚನ್ನು ಬರೆದಿಡುತ್ತಿದ್ದ; ಶಿಕ್ಷಕರು ಅವನ ಮನೆಗೇ ಹೋಗಿ ಬೆಳೆಯನ್ನೂ ಲೆಕ್ಕವನ್ನೂ ನೋಡುತ್ತಿದ್ದರು. ಅಂಥ ಲೆಕ್ಕದ ಪುಸ್ತಕಗಳು ಹಳೆಯ ವಿದ್ಯಾರ್ಥಿಗಳ ಮನೆಯ ಅಟ್ಟದಲ್ಲಿ ಇಂದಿಗೂ ಉಳಿದಿರಬಹುದು. ಅಂಚಿನಲ್ಲಿ ಶಿಕ್ಷಕರ ಕೈಬರಹದ ಒಂದು ತಿದ್ದುಪಡಿ ಸಿಕ್ಕರೂ ಅದು ಹತ್ತು ಸನ್ಮಾನಪತ್ರಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ.

ಸಂದರ್ಶನದಲ್ಲಿ "ಅವರು ಎಂಥ ಮನುಷ್ಯರಾಗಿದ್ದರು?" ಎಂದು ಕೇಳಬೇಡಿ; ಆ ಪ್ರಶ್ನೆಗೆ ಎಲ್ಲರೂ ಹೊಗಳಿಕೆಯನ್ನೇ ಉತ್ತರವಾಗಿ ಕೊಡುತ್ತಾರೆ. ನೀವು ಏನು ಬೆಳೆದಿರಿ, ಅವರು ಮನೆಗೆ ಬಂದಾಗ ಮೊದಲು ಎಲ್ಲಿಗೆ ಹೋಗುತ್ತಿದ್ದರು, ಬೆಳೆ ಕೈಕೊಟ್ಟ ವರ್ಷ ಏನು ಹೇಳಿದರು ಎಂದು ಕೇಳಿ. 1928ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸ್ಥಾಪನೆಯಾದ 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ಕೃಷಿ ವಿದ್ಯಾರ್ಥಿಗಳ ಸಂಘದ ನೀಲಿ ಕಾರ್ಡುರಾಯ್ ಜಾಕೆಟ್ ಮನೆಯಲ್ಲಿದ್ದರೆ ಹೊರತೆಗೆಯಲು ಕೋರಿ. ಅದರ ಬೆನ್ನಿನ ಮೇಲೆ ರಾಜ್ಯದ ಮತ್ತು ಶಾಖೆಯ ಹೆಸರು, ಎದೆಯ ಮೇಲೆ ಸದಸ್ಯನ ಹೆಸರು ಕಸೂತಿಯಲ್ಲಿರುತ್ತವೆ. ಬಟ್ಟೆಯನ್ನು ಕೈಯಲ್ಲಿ ಹಿಡಿದೊಡನೆ ನೆನಪುಗಳು ತಾವಾಗಿಯೇ ಮಾತಾಗುತ್ತವೆ.

ಆ ತರಗತಿಯಲ್ಲಿ ಯಾರಿರಲಿಲ್ಲ ಎಂಬುದನ್ನೂ ಬರೆಯಬೇಕು, ಇದನ್ನು ಬಿಟ್ಟ ಚರಿತ್ರೆ ಅಪೂರ್ಣ. ಆ ಸಂಘವು ಹುಡುಗಿಯರಿಗೆ ರಾಷ್ಟ್ರಮಟ್ಟದಲ್ಲಿ ಸದಸ್ಯತ್ವದ ಬಾಗಿಲು ತೆರೆದದ್ದು 1969ರಲ್ಲಿ. ದಕ್ಷಿಣದ ರಾಜ್ಯಗಳ ಪ್ರತ್ಯೇಕ ಶಾಲೆಗಳಲ್ಲಿ ಓದುತ್ತಿದ್ದ ಕಪ್ಪು ಜನಾಂಗದ ಹುಡುಗರಿಗೆ 'ನ್ಯೂ ಫಾರ್ಮರ್ಸ್ ಆಫ್ ಅಮೆರಿಕ' ಎಂಬ ಬೇರೆಯೇ ಸಂಘವಿದ್ದು, 1965ರಲ್ಲಿ ಅದು ಮೊದಲಿನದರೊಳಗೆ ವಿಲೀನವಾಯಿತು. ನಿಮ್ಮ ಶಿಕ್ಷಕರು ಈ ಬದಲಾವಣೆಗಳ ಕಾಲದಲ್ಲಿ ಕಲಿಸುತ್ತಿದ್ದರೆ, ಅವರು ಆಗ ಹೇಗೆ ನಡೆದುಕೊಂಡರು ಎಂದು ಎರಡೂ ಕಡೆಯವರನ್ನು ಕೇಳಿ ತಿಳಿಯಿರಿ.

ದಾಖಲೆಗಳ ವಿಷಯಕ್ಕೆ ಬಂದರೆ, ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕದ) ವಾರಪತ್ರಿಕೆ ಮತ್ತು ಶಾಲೆಯ ವಾರ್ಷಿಕ ಸಂಚಿಕೆಗಳನ್ನು ಮೊದಲು ನೋಡಿ. ಜನಗಣತಿಯ ವೈಯಕ್ತಿಕ ವಿವರಗಳನ್ನು 72 ವರ್ಷ ಕಳೆದ ಮೇಲೆ ಬಿಡುಗಡೆ ಮಾಡುವುದರಿಂದ, 1950ರ ಹಾಳೆಗಳು 2022ರಿಂದ ಲಭ್ಯವಿವೆ, 1960ರವು 2032ರವರೆಗೆ ಸಿಗುವುದಿಲ್ಲ.

ಸಾರ್ವಜನಿಕ ಜೀವನವನ್ನು ಬೇರೆ ಅಧ್ಯಾಯವಾಗಿ ಕತ್ತರಿಸಿಡುವುದು ಸಾಮಾನ್ಯ ತಪ್ಪು. ಇಂಥ ಶಿಕ್ಷಕರು ಸಂಜೆ ವಯಸ್ಕ ರೈತರಿಗೂ ಪಾಠ ಹೇಳುತ್ತಿದ್ದರು. ಎರಡನೆಯ ಮಹಾಯುದ್ಧದ ನಂತರ ಮರಳಿದ ಯೋಧರಿಗೆ ಸರ್ಕಾರದ ನೆರವಿನಿಂದ ಕೃಷಿ ತರಬೇತಿ ನಡೆದಾಗಲೂ ಹಳ್ಳಿಯ ಶಾಲೆಗಳ ಕೃಷಿ ವಿಭಾಗಗಳೇ ಅದಕ್ಕೆ ಆಸರೆಯಾದವು. ಆ ತರಗತಿಗಳ ಹಾಜರಿ ಪುಸ್ತಕವನ್ನೂ ಪುರಸಭೆಯ ನಡಾವಳಿ ಪುಸ್ತಕವನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದರೆ, ಸಭೆಯಲ್ಲಿ ಅವರ ಮಾತಿಗೆ ತೂಕ ಎಲ್ಲಿಂದ ಬಂತು ಎಂಬುದು ಹೆಸರುಗಳಿಂದಲೇ ತಿಳಿದೀತು. ಅವರು ಮಂಡಿಸಿ ಸೋತ ನಿರ್ಣಯವೊಂದು ಸಿಕ್ಕರೆ ಬಿಡದೆ ಸೇರಿಸಿ. ವಿರೋಧಿಸಿದವರ ವಾದವನ್ನೂ ನ್ಯಾಯವಾಗಿ ಬರೆಯಿರಿ.

ಕರಡು ಮುಗಿದ ಮೇಲೆ ಕುಟುಂಬದವರಿಗೂ ಬದುಕಿರುವ ಹಿರಿಯ ವಿದ್ಯಾರ್ಥಿಗೂ ಓದಿ ಹೇಳಿ, ಅವರ ಲೆಕ್ಕದ ಪುಸ್ತಕದ ಪುಟಗಳನ್ನು ಅಚ್ಚುಹಾಕಲು ಒಪ್ಪಿಗೆ ಪಡೆಯಿರಿ, ಮತ್ತು ಸಂದರ್ಶನದ ಧ್ವನಿಮುದ್ರಣಗಳ ಒಂದು ಪ್ರತಿಯನ್ನು ದಿನಾಂಕ ನಮೂದಿಸಿ ಕೌಂಟಿಯ ಗ್ರಂಥಾಲಯಕ್ಕೆ ಒಪ್ಪಿಸಿ.