ರಾಜ್ಯಪತ್ರದ ಕನ್ನಡವನ್ನು ಯಂತ್ರಕ್ಕೆ ಓದಿಸಿದ ನನ್ನ ಅನುಭವ

ಕನ್ನಡ-ಇಂಗ್ಲಿಷ್ ಯಂತ್ರಾನುವಾದದ ತರಬೇತಿಗೆ ಆಡಳಿತ ಭಾಷೆಯ ವಾಕ್ಯಜೋಡಿಗಳು, ಅಂದರೆ ಒಂದೇ ಮಾತಿನ ಕನ್ನಡ ಮತ್ತು ಇಂಗ್ಲಿಷ್ ರೂಪಗಳು, ಬೇಕಾದಾಗ ನಾನು ಮೊದಲು ತೆರೆದದ್ದು ಸರ್ಕಾರಿ ಆದೇಶ, ಸುತ್ತೋಲೆ ಮತ್ತು ರಾಜ್ಯಪತ್ರಗಳ (ಗೆಜೆಟ್) ಪಿಡಿಎಫ್ ಕಡತಗಳನ್ನು. 1963ರ ಕರ್ನಾಟಕ ರಾಜಭಾಷಾ ಅಧಿನಿಯಮದಿಂದೀಚೆಗೆ ಕಚೇರಿಗಳಲ್ಲಿ ರೂಪುಗೊಂಡ ಈ ಗದ್ಯದಲ್ಲಿ ಪಹಣಿ, ಪಡಿತರ, ಭೂಸ್ವಾಧೀನ, ಮುಂಬಡ್ತಿ ಎಂದು ಜನರ ಬದುಕನ್ನು ತಟ್ಟುವ ಮಾತುಗಳೆಲ್ಲ ಇವೆ. 1957ರ ಕೃತಿಸ್ವಾಮ್ಯ ಅಧಿನಿಯಮದ 52ನೇ ಪ್ರಕರಣವು ರಾಜ್ಯಪತ್ರದಲ್ಲಿ ಪ್ರಕಟವಾದ ವಿಷಯವನ್ನು, ಶಾಸಕಾಂಗದ ಅಧಿನಿಯಮಗಳ ಮಟ್ಟಿಗಿನ ಷರತ್ತನ್ನು ಬಿಟ್ಟರೆ, ಮರುಮುದ್ರಿಸಲು ಅವಕಾಶ ಕೊಡುವುದರಿಂದ ಕಾನೂನಿನ ಅಡ್ಡಿಯೂ ಹೆಚ್ಚಿರಲಿಲ್ಲ.

ಅಡ್ಡಿಯಾದದ್ದು ಅಕ್ಷರ. ಪ್ರತಿ ಅಕ್ಷರಕ್ಕೂ ಎಲ್ಲ ಗಣಕಗಳಲ್ಲಿ ಒಂದೇ ಸಂಕೇತವಿರುವ ಯೂನಿಕೋಡ್ ಅಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚಾದ ಪುಟ ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಅದನ್ನೇ ನಕಲಿಸಿದರೆ ‘ಕ’ ಇದ್ದಲ್ಲಿ ಇಂಗ್ಲಿಷಿನ ಪಿ ಅಕ್ಷರವೂ ಅದರ ಪಕ್ಕದಲ್ಲಿ ತಲೆಯ ಮೇಲೆ ಗೆರೆಯುಳ್ಳ ಎ ಅಕ್ಷರವೂ ಬರುತ್ತವೆ. ಇದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕವನ್ನು ನಾನೇ ಬರೆದೆ. ಅತಿ ಹೆಚ್ಚು ಕಾಡಿದ್ದು ಅರ್ಕಾವತ್ತು: ನುಡಿಯಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು, ಸ್ಥಳ ಬದಲಿಸದಿದ್ದರೆ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ. ಅದನ್ನು ಸರಿಪಡಿಸಿದ ಮೇಲೆ ಇನ್ನೊಂದು ಕಂಡಿತು. ಯೂನಿಕೋಡಿನಲ್ಲೇ ಇದ್ದ ಕೆಲವು ಆದೇಶಗಳಲ್ಲಿ ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತರ ಅಂಕಿಯನ್ನು ಒತ್ತಿದ್ದರು. ‘ಕನಾ೯ಟಕ’ ಎಂಬುದನ್ನು ಓದುವವರು ಗಮನಿಸುವುದೇ ಇಲ್ಲ, ಯಂತ್ರವೋ ಅದನ್ನು ಬೇರೆಯೇ ಪದವೆಂದು ಕಲಿಯುತ್ತದೆ. ನಿಜವಾದ ಒಂಬತ್ತು ಯಾವುದು, ಅರ್ಕಾವತ್ತು ಯಾವುದು ಎಂದು ಬೇರ್ಪಡಿಸಲು ಸಾಲುಸಾಲಾಗಿ ಕುಳಿತು ಓದಬೇಕಾಯಿತು.

ಸ್ಕ್ಯಾನ್ ಮಾಡಿದ ಪುಟಗಳು ಬರೀ ಚಿತ್ರಗಳಾದ್ದರಿಂದ ಅವನ್ನು ಬಹುಪಾಲು ಕೈಬಿಟ್ಟೆ. ಒಂದು ಕಚೇರಿಗೆ ಮಾಹಿತಿ ಹಕ್ಕಿನಡಿ ಮೂಲ ಕಡತಗಳನ್ನೇ ಕೇಳಿದೆ. ವಿದ್ಯುನ್ಮಾನ ರೂಪದಲ್ಲಿ ಮಾಹಿತಿ ಪಡೆಯುವ ಹಕ್ಕು 2005ರ ಅಧಿನಿಯಮದಲ್ಲಿದ್ದರೂ ನನಗೆ ಅಂಚೆಯಲ್ಲಿ ಬಂದದ್ದು ಅದೇ ಪಿಡಿಎಫ್‌ನ ದೃಢೀಕೃತ ಮುದ್ರಿತ ಪ್ರತಿ. ಆ ಲಕೋಟೆ ತೆರೆದ ದಿನ ನಿಜಕ್ಕೂ ಬೇಸರವಾಯಿತು.

ಭಾರತೀಯ ಭಾಷೆಗಳ ದತ್ತಾಂಶಕ್ಕಾಗಿ ಕೇಂದ್ರ ಸರ್ಕಾರ 2022ರಲ್ಲಿ ‘ಭಾಷಿಣಿ’ ಎಂಬ ಯೋಜನೆಯನ್ನು ಆರಂಭಿಸಿತು. ಅದರ ಉಪಯೋಗ ನನಗೂ ಆಗಿದೆ. ಆದರೆ ಹೊಸದಾಗಿ ವಾಕ್ಯ ಸಂಗ್ರಹಿಸುವುದರ ಜೊತೆಗೆ, ತಾನು ದಿನವೂ ಬರೆಯುವುದನ್ನು ಕೆಡದಂತೆ ಕೊಡುವುದೂ ಸರ್ಕಾರದ್ದೇ ಕೆಲಸ. ದತ್ತಾಂಶವು ಯಂತ್ರ ಓದಬಲ್ಲ ರೂಪದಲ್ಲಿರಬೇಕೆಂದು 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯೇ ಹೇಳುತ್ತದೆ. ಆದ್ದರಿಂದ ಈಗ ನಾನು ಕಚೇರಿಗಳಿಗೆ ಬರೆಯುವ ಪತ್ರದಲ್ಲಿ ಕೇಳುವುದು ಇಷ್ಟೇ: ಸಹಿಯಾದ ಪಿಡಿಎಫ್ ಪಕ್ಕದಲ್ಲಿ ಅದೇ ಆದೇಶದ ಯೂನಿಕೋಡ್ ಪಠ್ಯವನ್ನೂ, ಇಂಗ್ಲಿಷ್ ಪ್ರತಿಯಿದ್ದರೆ ಅದನ್ನೂ ಒಂದೇ ಸಂಖ್ಯೆಯಡಿ ಇಡಿ. ಪತ್ರದೊಂದಿಗೆ ನನ್ನ ಪರಿವರ್ತಕವನ್ನೂ, ಒಂಬತ್ತರ ಅಂಕಿ ತಪ್ಪಾಗಿ ನುಸುಳಿದ ಪದಗಳ ಪಟ್ಟಿಯನ್ನೂ ಲಗತ್ತಿಸುತ್ತಿದ್ದೇನೆ.