ಪೇಪರ್‌ಗಿಂತ ಮೊದಲು ವಾಚ್ ನೋಡ್ತೀನಿ

ಹಳೆಯ ವಾಚ್ ಮಾರುವವರು "ಬಾಕ್ಸ್, ಪೇಪರ್ ಎಲ್ಲ ಇದೆ" ಅಂತ ಹೇಳಿದರೂ ನಾನು ಮೊದಲು ಪೇಪರ್, ಅಂದರೆ ವಾಚಿನ ನಂಬರ್ ಇರುವ ವಾರಂಟಿ ಕಾಗದ ಅಥವಾ ಕಾರ್ಡ್, ಮುಟ್ಟುವುದಿಲ್ಲ. ವಾಚಿನ ನಂಬರನ್ನು ಕಣ್ಣಾರೆ ನೋಡಿ ಬರೆದುಕೊಂಡ ಮೇಲೇ ಕಾರ್ಡ್ ತೆರೆಯುವುದು. ಕಾರ್ಡ್ ಮೊದಲು ನೋಡಿಬಿಟ್ಟರೆ ಸವೆದ 3 ಕೂಡ 8ರಂತೆ ಕಾಣುತ್ತದೆ. ಆ ವಾಚ್ ಮನಸ್ಸಿಗೆ ಹಿಡಿಸಿರುತ್ತಲ್ವಾ!

ಹಳೆಯ ರೋಲೆಕ್ಸ್‌ಗಳಲ್ಲಿ ಸೀರಿಯಲ್ ನಂಬರ್ 6 ಗಂಟೆಯ ಕಡೆ, ಚೈನ್ ಸಿಕ್ಕಿಸುವ ಕೊಂಬುಗಳ (ಲಗ್) ನಡುವೆ ಇರುತ್ತದೆ. 12ರ ಕಡೆ ರೆಫರೆನ್ಸ್ ನಂಬರ್, ಅಂದರೆ ಮಾಡೆಲ್ ನಂಬರ್. ಚೈನ್ ಬಿಚ್ಚದೆ ಎರಡೂ ಕಾಣಲ್ಲ. ಹಾಗಾಗಿ ಚೈನ್ ಹಿಡಿದಿಡುವ ಸ್ಪ್ರಿಂಗ್ ಬಾರ್ ತೆಗೆಯುವ ಟೂಲ್, ಒಂದು ಲೂಪ್ (ಭೂತಗಾಜು), ಸಣ್ಣ ಟಾರ್ಚ್ ನನ್ನ ಬ್ಯಾಗಿನಲ್ಲೇ ಇರುತ್ತವೆ. ಕೇಳಿಕೊಂಡೇ ಬಿಚ್ಚುತ್ತೇನೆ. ಬಿಚ್ಚಲು ಬಿಡದವರ ಹತ್ತಿರ ಮಾತು ಮುಂದುವರಿಸಲ್ಲ.

ಆಮೇಲೆ ಪೇಪರ್. 2006ರ ಸುಮಾರಿಗೆ ಪ್ಲಾಸ್ಟಿಕ್ ಕಾರ್ಡ್ ಬರುವ ತನಕ ರೋಲೆಕ್ಸ್ ವಾರಂಟಿ ಕಾಗದದಲ್ಲಿ ಸೀರಿಯಲ್ ನಂಬರನ್ನು ಹೆಚ್ಚಾಗಿ ಸಣ್ಣ ಸಣ್ಣ ತೂತುಗಳಲ್ಲಿ ಕೊರೆಯುತ್ತಿದ್ದರು. ಬೆಳಕಿಗೆ ಹಿಡಿದರೆ ಅಂಕಿಗಳು ಹೊಳೆಯುತ್ತವೆ. ತೂತುಗಳ ಸಾಲು, ಅಂತರ ಎಲ್ಲ ನಿಧಾನವಾಗಿ ನೋಡುತ್ತೇನೆ. ಖಾಲಿ ಕಾಗದಕ್ಕೆ ಆಮೇಲೆ ತೂತು ಹೊಡೆದು ಮಾರುವವರೂ ಇದ್ದಾರೆ.

ನಂಬರ್ ಹೊಂದಿದರೆ ಮುಗಿಯಲಿಲ್ಲ, ತಾರೀಖೂ ಹೊಂದಬೇಕು. ಕತ್ತಲಲ್ಲಿ ಹೊಳೆಯುವ ಮುಳ್ಳಿನ ರೋಲೆಕ್ಸ್ ವಾಚಿಗೆ 1985ರ ಪೇಪರ್ ಇದೆ ಅನ್ನಿ. ಆಗ ಆ ಹೊಳಪಿಗೆ ಟ್ರಿಶಿಯಂ ಎಂಬ ವಿಕಿರಣ ವಸ್ತು ಬಳಸುತ್ತಿದ್ದ ಕಾಲ, ಡಯಲಿನ ಕೆಳಗೆ ‘ಸ್ವಿಸ್’ ಜೊತೆಗೆ ‘ಟಿ’ ಅಕ್ಷರ ಇರಬೇಕು. ಅಲ್ಲಿ ಬರೀ ‘ಸ್ವಿಸ್ ಮೇಡ್’ ಇದ್ದರೆ ಡಯಲ್ ಬದಲಾಗಿದೆ. ಸರ್ವಿಸ್‌ನಲ್ಲಿ ಬದಲಾಗಿದ್ದರೆ ಅದು ಮೋಸವಲ್ಲ. ಆದರೆ ಬೆಲೆ ಬೇರೆಯಾಗುತ್ತದೆ, ಮತ್ತು ಅದನ್ನು ಮಾರುವವರೇ ಹೇಳಬೇಕು.

ಪೇಪರ್ ಕಳೆದಿದ್ದರೆ? ಸ್ವಿಸ್ ವಾಚ್ ಕಂಪನಿ ಪಟೆಕ್ ಫಿಲಿಪ್ ಮೂಲ ಸರ್ಟಿಫಿಕೇಟನ್ನು ಮತ್ತೆ ಕೊಡುವುದಿಲ್ಲ. ತಯಾರಾದ, ಮಾರಾಟವಾದ ತಾರೀಖಿರುವ ಆರ್ಕೈವ್ ಪತ್ರ ಕೊಡುತ್ತದೆ. ಲಾಂಜೀನ್ಸ್ ಕಂಪನಿ ಕೂಡ ತನ್ನ ಹಳೆಯ ದಾಖಲೆ ನೋಡಿ ಹೇಳುತ್ತದೆ. ಇಂಥ ಪತ್ರ ಬಹಳ ಉಪಯೋಗ. ಆದರೆ ಅದು ಒಂದೊಂದು ಬಿಡಿಭಾಗಕ್ಕೂ ಸಾಕ್ಷಿ ಹೇಳಲ್ಲ. 2021ರಲ್ಲಿ ಜಿನೀವಾದಲ್ಲಿ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಜಾಸ್ತಿಗೆ ಹರಾಜಾಯಿತು. ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಮಾಡಿದ್ದು ಅಂತ 2023ರಲ್ಲಿ ಒಮೆಗಾ ಕಂಪನಿಯೇ ಹೇಳಿತು.

ಅದಕ್ಕೇ ನನಗೆ ಚಂದದ ಬಾಕ್ಸಿಗಿಂತ ಹಳೆಯ ಸರ್ವಿಸ್ ಬಿಲ್ಲುಗಳ ಮೇಲೆ ಪ್ರೀತಿ ಜಾಸ್ತಿ. ಯಾವ ವರ್ಷ ಮುಳ್ಳು ಹೋಯಿತು, ಯಾವಾಗ ಗಾಜು ಬಂತು, ವಾಚಿನ ಹೊರಕವಚ (ಕೇಸ್) ಪಾಲಿಶ್ ಆಯಿತೋ ಇಲ್ಲವೋ, ಎಲ್ಲ ಅಲ್ಲಿರುತ್ತದೆ. ಯಂತ್ರದಲ್ಲಿ ಪ್ರಿಂಟಾದ ನುಣುಪು ಕಾಗದದ ಬಿಲ್ ಬೇಗ ಮಾಸುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸುತ್ತೇನೆ. ಮೂಲ ಪೇಪರಿಗೆ ಲ್ಯಾಮಿನೇಶನ್ ಮಾತ್ರ ಮಾಡಿಸಲ್ಲ. ತೂತು, ಸೀಲು, ಶಾಯಿ ಎಲ್ಲ ಪ್ಲಾಸ್ಟಿಕ್ ಅಡಿ ಸಿಕ್ಕಿಬಿಟ್ಟರೆ ಮುಂದೆ ಪರೀಕ್ಷೆ ಮಾಡುವವರಿಗೆ ಕಷ್ಟ. ವಾಚ್ ಒಂದು ಕಡೆ, ಪೇಪರ್ ಇನ್ನೊಂದು ಕಡೆ ಇಡುತ್ತೇನೆ. ಫೋಟೊ ಯಾರಿಗಾದರೂ ಕಳಿಸುವಾಗ ನಂಬರಿನ ಕೊನೆಯ ಅಂಕಿಗಳನ್ನು ಮುಚ್ಚುತ್ತೇನೆ. ಪೂರ್ತಿ ನಂಬರ್ ಸಿಕ್ಕರೆ ನಕಲಿ ಕಾರ್ಡ್ ಮಾಡುವವರ ಅರ್ಧ ಕೆಲಸ ಮುಗಿದಂತೆ.