ಅಮ್ಮನ ಇಪ್ಪತ್ತೈದು ತೊಲ

ನಮ್ಮಮ್ಮ ಒಡವೆಯನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಲೆಕ್ಕ ಮಾತ್ರ ಬಾಯಲ್ಲೇ ಇರುತ್ತಿತ್ತು. "ಇಪ್ಪತ್ತೈದು ತೊಲ ಇದೆ, ನಿಮ್ಮಿಬ್ಬರಿಗೂ ಸಮ ಆಗತ್ತೆ" ಎನ್ನುತ್ತಿದ್ದಳು. 2018ರಲ್ಲಿ ಅವಳ ವರ್ಷಾಂತಿಕ ಮುಗಿದ ಮಾರನೇ ದಿನ ಅಕ್ಕ, ನಾನು ಸಾಗರದ ಮನೆಯ ಒಳಕೋಣೆಯ ಬಾಗಿಲು ಹಾಕಿಕೊಂಡು ಸ್ಟೀಲ್ ಡಬ್ಬಿ ಬಿಚ್ಚಿದೆವು. ಅಂಗೈಯಗಲದ ಒಂದು ಡಿಜಿಟಲ್ ತಕ್ಕಡಿ ತರಿಸಿಟ್ಟುಕೊಂಡಿದ್ದೆ. ಒಂದೊಂದೇ ತೂಗಿ ಬರೆದೆವು. ಒಟ್ಟು 238 ಗ್ರಾಂ.

ತೊಲ ಅಂದರೆ 11.66 ಗ್ರಾಂ. ಇಪ್ಪತ್ತೈದು ತೊಲಕ್ಕೆ 291 ಗ್ರಾಂ ಬರಬೇಕು. 53 ಗ್ರಾಂ ಎಲ್ಲಿ?

"ನಿನ್ನ ತಕ್ಕಡಿ ಸರಿ ಇಲ್ಲ ಕಣೇ" ಅಂದಳು ಅಕ್ಕ. 2015ರ ಒಂದು ರೂಪಾಯಿ ನಾಣ್ಯ ಇಟ್ಟು ತೋರಿಸಿದೆ. ಆ ನಾಣ್ಯದ ತೂಕ 3.79 ಗ್ರಾಂ, ತಕ್ಕಡಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಬಂತು. ಅಕ್ಕ ಸುಮ್ಮನಾದಳು. ಇಬ್ಬರ ಮನಸ್ಸಿನಲ್ಲೂ ಏನು ಓಡುತ್ತಿತ್ತು ಅಂತ ಹೇಳಬೇಕಿಲ್ಲ, ಅಲ್ವಾ? ಅಮ್ಮನ ಕೊನೆಯ ಎರಡು ವರ್ಷ ಬೀಗದ ಕೈ ನನ್ನ ಹತ್ತಿರವೇ ಇತ್ತು.

ಮರುದಿನ ಡಬ್ಬಿ ಹಿಡಿದುಕೊಂಡು ಇಬ್ಬರೂ ಆಚಾರ್ರ ಹತ್ತಿರ ಹೋದೆವು. ಅಮ್ಮನ ಎಷ್ಟೋ ಒಡವೆ ಮಾಡಿಕೊಟ್ಟವರು ಅವರ ತಂದೆ. ನಮ್ಮ ಲೆಕ್ಕ ಕೇಳಿ ನಕ್ಕುಬಿಟ್ಟರು. "ಅಂಗಡೀಲಿ ಹತ್ತು ಗ್ರಾಮಿಗೆ ತೊಲ ಅಂತಾರಮ್ಮ. ನಿಮ್ಮಮ್ಮ ಆ ಲೆಕ್ಕದಲ್ಲೇ ಹೇಳಿರ್ತಾರೆ." ಹಾಗೆ ನೋಡಿದರೆ 250 ಗ್ರಾಂ. 53 ಗ್ರಾಮಿನ ಜಗಳ ಒಂದೇ ಮಾತಿಗೆ 12 ಗ್ರಾಮಿಗೆ ಇಳಿಯಿತು.

ಆ 12ರಲ್ಲಿ 6 ಗ್ರಾಂ ಬಳೆಯಲ್ಲಿ ಸಿಕ್ಕಿತು. ಡಬ್ಬಿಯ ತಳದಲ್ಲಿ 1988ರ ಒಂದು ಬಿಲ್ ಇತ್ತು. ನಾಲ್ಕು ಬಳೆ, 40 ಗ್ರಾಂ ಅಂತ ಬರೆದಿತ್ತು. ಈಗ ತೂಗಿದರೆ 34. ದಿನಾ ಹಾಕಿದ ಬಳೆ, ಗಾಜಿನ ಬಳೆಯ ಜೊತೆ ಉಜ್ಜಿ ಉಜ್ಜಿ ಸವೆದಿರಬೇಕು ಅಂದುಕೊಂಡೆ. ಗಾಜು ಚಿನ್ನಕ್ಕಿಂತ ಗಟ್ಟಿ, ಸವೆಯುವುದೇನೋ ನಿಜ. ಆಚಾರ್ರು ಬಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಇದು ಬರೀ ಸವೆತ ಅಲ್ಲಮ್ಮ. ಸವೆದರೆ ಉಬ್ಬಿದ ಜಾಗ ಸವೆಯುತ್ತೆ. ಇಲ್ಲಿ ತಗ್ಗಿನ ಗೆರೆನೂ ಅಳಿಸಿಹೋಗಿದೆ. ಇದು ಆಸಿಡ್ಡಿಗೆ ಬಿದ್ದಿದೆ."

ಆಗ ಅಕ್ಕನಿಗೆ ನೆನಪಾಯಿತು. ಅವಳು ಪಿಯುಸಿಯಲ್ಲಿದ್ದಾಗ ಬಾಗಿಲಿಗೆ ಇಬ್ಬರು ಬಂದಿದ್ದರು. ಪಾಲಿಶ್ ಪುಡಿ ಮಾರುವವರು. ಮೊದಲು ಹಿತ್ತಾಳೆ ದೀಪ ಫಳಫಳ ಮಾಡಿ ತೋರಿಸಿದರು. ಆಮೇಲೆ ಬಳೆ ಕೇಳಿದರು. ಬಟ್ಟಲಿನ ನೀರಿಗೆ ಹಾಕಿ, ಅರಿಶಿನ ಬಳಿದು, ಹೊಚ್ಚ ಹೊಸದರ ಹಾಗೆ ಮಾಡಿ ಕೊಟ್ಟು ಹೋದರು. ಅಮ್ಮ ಒಂದು ವಾರ ಬಳೆ ನೋಡಿಕೊಂಡೇ ಖುಷಿಪಟ್ಟಿದ್ದಳಂತೆ. ಆ ನೀರು ನೀರಲ್ಲ, ಚಿನ್ನವನ್ನೂ ಕರಗಿಸುವ ಆಸಿಡ್ ಮಿಶ್ರಣ. ಕರಗಿದ ಚಿನ್ನ ಬಟ್ಟಲಲ್ಲೇ ಉಳಿಯುತ್ತದೆ, ಬಟ್ಟಲು ಅವರ ಜೊತೆ ಹೋಗುತ್ತದೆ. ಕಳ್ಳತನ ಆಗಿದೆ ಅಂತ ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ತೂಗಿದ್ದರೆ ಅಂದು ಸಂಜೆಯೇ ಗೊತ್ತಾಗುತ್ತಿತ್ತು.

ಗುಂಡಿನ ಸರ ಇನ್ನೊಂದು ಕಥೆ. 42 ಗ್ರಾಂ ತೂಗುತ್ತಿತ್ತು. ಆಚಾರ್ರು ಒಂದು ಗುಂಡಿನ ತೂತಿಗೆ ಸೂಜಿ ಹಾಕಿ ಕೆರೆದರು. ಕೆಂಪು ಕಪ್ಪು ಪುಡಿ ಉದುರಿತು. ಅರಗು. ಗುಂಡು ಎಂದರೆ ತೆಳ್ಳನೆಯ ಚಿನ್ನದ ತಗಡು, ಒಳಗೆ ಟೊಳ್ಳು. ನೆಗ್ಗಬಾರದು ಅಂತ ಅರಗು ತುಂಬುತ್ತಾರೆ. ಅದು ಮೋಸವಲ್ಲ, ಹಳೆಯ ಕೆಲಸದ ರೀತಿಯೇ ಹಾಗೆ. ಅರಗನ್ನೂ ಚಿನ್ನದ ದರಕ್ಕೆ ಮಾರಿದರೆ ಮೋಸ. ಅರಗು, ಕಲ್ಲು ಎಲ್ಲ ಕಳೆದರೆ ನಮ್ಮ 238ರಲ್ಲಿ ಸುಮಾರು 21 ಗ್ರಾಂ ಚಿನ್ನವೇ ಅಲ್ಲ ಅಂದರು. ಶಿವಮೊಗ್ಗದಲ್ಲಿ ಶುದ್ಧತೆ ಅಳೆಯುವ ಮೆಷಿನ್ನಿಗೆ ಇಟ್ಟು ನೋಡಿಸಿದಾಗ ಹೆಚ್ಚಿನವು 86 ಪರ್ಸೆಂಟಿನ ಆಸುಪಾಸು ತೋರಿಸಿದವು. 22 ಕ್ಯಾರೆಟ್ ಆಗಿದ್ದರೆ 91.6 ಇರಬೇಕು. ಬೆಸುಗೆಯಲ್ಲಿ ಬೆಳ್ಳಿ, ತಾಮ್ರ ಜಾಸ್ತಿ ಇರುತ್ತದೆ. ಬೆಸುಗೆ ಹೆಚ್ಚಿದ್ದಷ್ಟೂ ಒಟ್ಟು ಶುದ್ಧತೆ ಇಳಿಯುತ್ತದೆ. ಆ ಮೆಷಿನ್ ಮೇಲ್ಮೈಯನ್ನಷ್ಟೇ ಓದುವುದರಿಂದ ಬೆಸುಗೆಯ ಹತ್ತಿರ ಒಂದು ಅಂಕಿ, ದೂರದಲ್ಲಿ ಇನ್ನೊಂದು ಅಂಕಿ ಬರುತ್ತದೆ. ಹಾಗಾಗಿ ಮೂರು ನಾಲ್ಕು ಕಡೆ ಇಡಿಸಿ ನೋಡಬೇಕು.

ಅಂದಿನಿಂದ ನನ್ನ ಹತ್ತಿರ ಒಂದು ನೋಟ್ ಪುಸ್ತಕ ಇದೆ. ಒಡವೆಗೊಂದು ಪುಟ. ಒಟ್ಟು ತೂಕ, ಕಲ್ಲು ಅರಗು ಕಳೆದ ತೂಕ, ಯಾರಿಂದ ಬಂತು, ಯಾವಾಗ ರಿಪೇರಿ ಆಯಿತು, ಇಷ್ಟು ಬರೆಯುತ್ತೇನೆ. ತಕ್ಕಡಿಯ ಮೇಲಿಟ್ಟು ಅಂಕಿ ಕಾಣುವ ಹಾಗೆ ಒಂದು ಫೋಟೋ. ರಿಪೇರಿಗೆ ಕೊಡುವಾಗ ಅಂಗಡಿಯವರ ಮುಂದೆಯೇ ತೂಗಿ ಚೀಟಿಯಲ್ಲಿ ಬರೆಸುತ್ತೇನೆ, ವಾಪಸ್ ಬಂದಾಗ ಮತ್ತೆ ತೂಗುತ್ತೇನೆ. ಮೊದಮೊದಲು ಮುಜುಗರ ಆಗುತ್ತಿತ್ತು. ಈಗಿಲ್ಲ. ಒಳ್ಳೆಯ ಅಕ್ಕಸಾಲಿಗರು ಬೇಜಾರು ಮಾಡಿಕೊಳ್ಳುವುದಿಲ್ಲ, ಅವರೇ ಮೊದಲು ತಕ್ಕಡಿ ಮುಂದೆ ತಳ್ಳುತ್ತಾರೆ.

ಪುಸ್ತಕದಲ್ಲಿ ನನ್ನ ದಡ್ಡತನಕ್ಕೂ ಒಂದು ಪುಟ ಇದೆ. ಪಾಲಿನಲ್ಲಿ ನನಗೆ ಬಂದ ಕೆಂಪಿನ ಓಲೆಯನ್ನು ಬಿಸಿ ಸೋಪುನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟೆ. ತೆಗೆದಾಗ ಎರಡು ಕಲ್ಲು ಮಂಕಾಗಿದ್ದವು. ಹಳೆಯ ಓಲೆಗಳಲ್ಲಿ ಕಲ್ಲಿನ ಹಿಂದೆ ಮುಚ್ಚಿರುತ್ತದೆ, ಒಳಗೆ ಹೊಳಪಿಗೆ ಅಂತ ತೆಳು ಹಾಳೆ ಇಟ್ಟಿರುತ್ತಾರೆ. ನೀರು ಒಳಗೆ ಹೋದರೆ ಹಾಳೆ ಕಪ್ಪಾಗುತ್ತದೆ. ಬಿಸಿಗೆ ಅರಗೂ ಮೆತ್ತಗಾಗುತ್ತದೆ. ಕಲ್ಲು ಬಿಚ್ಚಿ ಮತ್ತೆ ಕೂರಿಸಲು ಆಚಾರ್ರು ಎರಡು ತಿಂಗಳು ತೆಗೆದುಕೊಂಡರು. ಈಗ ಅಂಥವನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ. ಕಲ್ಲಿಲ್ಲದ ಬಳೆ, ಸರಕ್ಕೆ ಅಂಟುವಾಳದ ಉಗುರುಬೆಚ್ಚಗಿನ ನೀರು, ಹಳೆಯ ಮೆತ್ತನೆ ಬ್ರಷ್ ಸಾಕು. ಮುತ್ತು, ಹವಳಕ್ಕೆ ಅದೂ ಬೇಡ. ಅವು ಸುಣ್ಣದ ಜಾತಿಯ ವಸ್ತು, ಹುಳಿ ತಾಗಿದರೆ ಹಾಳಾಗುತ್ತವೆ. ಬೆವರು, ಸೆಂಟ್ ಕೂಡ ಆಗದು. ಸೀರೆ, ಪೌಡರ್, ಸೆಂಟ್ ಎಲ್ಲ ಮುಗಿದ ಮೇಲೆ ಕೊನೆಗೆ ಮುತ್ತಿನ ಸರ ಹಾಕಿಕೊಂಡು, ಮನೆಗೆ ಬಂದ ತಕ್ಷಣ ಅದನ್ನೇ ಮೊದಲು ತೆಗೆದು ಒರೆಸಿಡುತ್ತೇನೆ. ದಾರ ಸಡಿಲಾದರೆ ಮತ್ತೆ ಪೋಣಿಸಬೇಕು. ಎರಡು ಮುತ್ತಿನ ನಡುವೆ ಒಂದೊಂದು ಗಂಟು ಹಾಕಿಸಿ. ಹರಿದರೂ ಒಂದೇ ಮುತ್ತು ಬೀಳುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿ ಬಚ್ಚಲು ತೊಳೆಯುವಾಗ ಉಂಗುರ ತೆಗೆದಿಡುವುದನ್ನೂ ಕಲಿತೆ.

ಹೊಸದು ಕೊಂಡಿದ್ದು 2023ರಲ್ಲಿ, ಮಗಳ ಮದುವೆಗೆ. ಆ ವರ್ಷ ಏಪ್ರಿಲ್ 1ರಿಂದ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ (ಒಂದೊಂದು ಒಡವೆಗೂ ಬೇರೆಬೇರೆ ಕೊಡುವ ಗುರುತಿನ ಸಂಖ್ಯೆ) ಇಲ್ಲದ ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ ಅಂತ ಆಗಿತ್ತು. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, 22ಕೆ916, ಎಚ್‌ಯುಐಡಿ, ಈ ಮೂರನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಶುದ್ಧತೆಯ ಜೊತೆಗೆ ಅದು ಯಾವ ಬಗೆಯ ಒಡವೆ ಅಂತಲೂ ಬರುತ್ತದೆ. ಕೈಯಲ್ಲಿ ಸರ ಇದ್ದು ಆ್ಯಪ್‌ನಲ್ಲಿ ಉಂಗುರ ಅಂತ ಬಂದರೆ ಅಲ್ಲೇ ನಿಂತು ಕೇಳಿ. ಇನ್ನು "ಕೆಡಿಎಂ ಚಿನ್ನ" ಅನ್ನುವ ಮಾತನ್ನು ಶುದ್ಧತೆಗೆ ಸಾಕ್ಷಿ ಅಂದುಕೊಳ್ಳಬೇಡಿ. ಅದು ಕ್ಯಾಡ್ಮಿಯಂ ಹಾಕಿ ಬೆಸುಗೆ ಮಾಡುವ ವಿಧಾನ. ಅದರ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೆ ವಿಷ.

ದರದ ಚೌಕಾಸಿ ನಾನು ಮಾಡುವುದಿಲ್ಲ. ಆ ದಿನದ ದರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಚೌಕಾಸಿ ಮಾಡಬೇಕಾದದ್ದು ವೇಸ್ಟೇಜ್ ಮೇಲೆ, ಅಂದರೆ ಒಡವೆ ಮಾಡುವಾಗ ಹಾಳಾಗುವ ಚಿನ್ನಕ್ಕೆ ಅಂತ ಸೇರಿಸುವ ದುಡ್ಡಿನ ಮೇಲೆ. 20 ಗ್ರಾಮಿನ ಸರಕ್ಕೆ ಮೊದಲು 14 ಪರ್ಸೆಂಟ್ ಅಂದರು. ಅಂದರೆ 2.8 ಗ್ರಾಂ ಚಿನ್ನದ ದುಡ್ಡು. ಒಂದು ಗಂಟೆ ಕೂತು, ಎರಡು ಸಲ ಎದ್ದು, 8ಕ್ಕೆ ಇಳಿಸಿದೆ, 1.6 ಗ್ರಾಂ ಆಯಿತು. ಉಳಿದದ್ದು ಆಗಿನ ದರದಲ್ಲಿ ಆರು ಸಾವಿರಕ್ಕೂ ಜಾಸ್ತಿ. ಇಷ್ಟರ ಮೇಲೆ 3 ಪರ್ಸೆಂಟ್ ಜಿಎಸ್‌ಟಿ. ಇನ್ನೊಂದು ದೊಡ್ಡ ಅಂಗಡಿಯಲ್ಲಿ ಪದಕ ನೋಡಿದೆವು. ಬಿಲ್‌ನ ಕರಡಿನಲ್ಲಿ 14.2 ಗ್ರಾಂ ಪೂರ್ತಿಗೆ ಚಿನ್ನದ ದರ ಹಾಕಿ, ಕೆಳಗೆ ಕಲ್ಲಿಗೆ ಬೇರೆ ದುಡ್ಡು ಬರೆದಿದ್ದರು. ಕಲ್ಲಿನ ತೂಕ ಎಷ್ಟು ಅಂತ ಕೇಳಿದೆ. ಒಂಬತ್ತೂವರೆ ಕ್ಯಾರೆಟ್. ಕಲ್ಲಿನ ಲೆಕ್ಕದಲ್ಲಿ ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಹಾಗಾಗಿ 1.9 ಗ್ರಾಂ ಕಲ್ಲಿಗೆ ಎರಡು ಸಲ ದುಡ್ಡು! "ಟೈಪಿಂಗ್ ಮಿಸ್ಟೇಕ್ ಮೇಡಂ" ಅಂದರು. ಇರಬಹುದು. ಪದಕ ಅಲ್ಲಿ ಕೊಳ್ಳಲಿಲ್ಲ.

ಇಡುವುದು ಬ್ಯಾಂಕ್ ಲಾಕರ್‌ನಲ್ಲಿ. ಅದಕ್ಕೂ ಒಂದು ಮಿತಿ ಇದೆ. 2022ರಿಂದ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಬೆಂಕಿ, ಕಳ್ಳತನ, ಸಿಬ್ಬಂದಿಯ ಮೋಸದಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ನನ್ನ ಬಾಡಿಗೆ 2,000. ಎರಡು ಲಕ್ಷಕ್ಕೆ ಈಗ ಎಷ್ಟು ಬಂಗಾರ ಬರುತ್ತೆ ಅಂತ ನೀವೇ ಲೆಕ್ಕ ಹಾಕಿ. ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತೇ ಇರುವುದಿಲ್ಲ. ಅದಕ್ಕೇ ಬೇರೆ ವಿಮೆ ಮಾಡಿಸಿದ್ದೇನೆ. ವಿಮೆಯವರು ಕೇಳಿದ ಪಟ್ಟಿಗೆ ನೋಟ್ ಪುಸ್ತಕದ ಪುಟಗಳೇ ಸಾಕಾದವು. ಪುಸ್ತಕ ಲಾಕರ್ ಒಳಗಿಲ್ಲ, ಮನೆಯಲ್ಲಿದೆ. ಒಂದು ಪ್ರತಿ ಅಕ್ಕನ ಹತ್ತಿರ. ಅಮ್ಮನ ಒಡವೆಗೆ ಬಿಲ್ ಇಲ್ಲವಲ್ಲ, ಅದಕ್ಕೆ ಯಾರಿಗೆ ಯಾವುದು ಬಂತು ಅಂತ ಒಂದು ಕಾಗದ ಬರೆದು ಇಬ್ಬರೂ ಸಹಿ ಹಾಕಿದ್ದೇವೆ. ಆದಾಯ ತೆರಿಗೆಯವರ 1994ರ ಸೂಚನೆಯಲ್ಲಿ ಶೋಧನೆಯ ವೇಳೆ ಮದುವೆಯಾದ ಹೆಂಗಸಿನ 500 ಗ್ರಾಂವರೆಗಿನ ಒಡವೆ ವಶಪಡಿಸಿಕೊಳ್ಳಬೇಡಿ ಅಂತಿದೆ. ನಮ್ಮಂಥವರ ಮನೆಗೆ ಶೋಧನೆಗೆ ಯಾರು ಬರುತ್ತಾರೆ, ಬಿಡಿ. ಆದರೂ ಕಾಗದ ಇರಲಿ.

ವರ್ಷಕ್ಕೊಮ್ಮೆ, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಲಾಕರ್‌ನಿಂದ ತಂದು ಎಲ್ಲ ತೂಗುತ್ತೇನೆ. ಕೊಂಡಿ, ತಿರುಪು ಅಲುಗಾಡಿಸಿ ನೋಡುತ್ತೇನೆ. ಮಾಂಗಲ್ಯದ ಸರದ ಕೊಂಡಿ ಎರಡು ಸಲ ಬದಲಾಗಿದೆ.

ಉಳಿದ 6 ಗ್ರಾಮಿನ ಲೆಕ್ಕ ಇನ್ನೂ ಸಿಕ್ಕಿಲ್ಲ. ಅಮ್ಮ ಒಂದು ಉಂಗುರವನ್ನು ಚಿಕ್ಕಮ್ಮನ ಬಾಣಂತನದಲ್ಲಿ ಕೊಟ್ಟಳು ಅನ್ನುತ್ತಾಳೆ ಅಕ್ಕ. ಚಿಕ್ಕಮ್ಮ ಇಲ್ಲ ಅನ್ನುತ್ತಾರೆ. ಪುಸ್ತಕದ ಮೊದಲ ಪುಟದಲ್ಲಿ ಅದು ಹಾಗೇ ಇದೆ: "ಉಂಗುರ, 6 ಗ್ರಾಂ, ಚಿಕ್ಕಮ್ಮ?"